ಪಿಂಚಣಿದಾರರಿಗೆ ಕ್ರೆಡಿಟ್ ಕಾರ್ಡ್: ಯಾವುದು, ಎಷ್ಟು ಲಿಮಿಟ್, ಯಾವ ದಿನಕ್ಕೆ ಬಿಲ್?

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದು ನಿವೃತ್ತನಾಗಿದ್ದೇನೆ. ಈಗ 64 ವರ್ಷ. ತಿಂಗಳ ಮೊದಲ ವಾರದೊಳಗೆ ಸುಮಾರು 38,000 ರೂಪಾಯಿ ಪಿಂಚಣಿ ಖಾತೆಗೆ ಬೀಳುತ್ತದೆ. ಸ್ವಂತ ಮನೆ ಇದೆ, ಇದುವರೆಗೆ ಯಾವ ಬ್ಯಾಂಕಿನಲ್ಲೂ ಸಾಲ ಮಾಡಿಲ್ಲ. ಆಸ್ಪತ್ರೆ ಖರ್ಚು, ರೈಲು ಟಿಕೆಟ್, ಆನ್‌ಲೈನ್ ಖರೀದಿಗೆ ಇರಲಿ ಎಂದು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದೆ, ಬ್ಯಾಂಕ್ ಒಪ್ಪಲಿಲ್ಲ. ಈಗ ಏಜೆಂಟ್ ಒಬ್ಬರು ‘ಲೈಫ್‌ಟೈಮ್ ಫ್ರೀ, ಎರಡು ಲಕ್ಷ ಲಿಮಿಟ್’ ಎಂದು ಬೆನ್ನು ಬಿದ್ದಿದ್ದಾರೆ. ಬೆಂಗಳೂರಿನಲ್ಲಿರುವ ಮಗ ತನ್ನ ಕಾರ್ಡಿನ ಮೇಲೆ ಆಡ್-ಆನ್ (ಹೆಚ್ಚುವರಿ) ಕಾರ್ಡ್ ಕೊಡಿಸುತ್ತೇನೆ ಎನ್ನುತ್ತಾನೆ. ಯಾವುದು ಸರಿ? ನನಗೇನಾದರೂ ಆದರೆ ಬಾಕಿ ನನ್ನ ಹೆಂಡತಿಯ ತಲೆಗೆ ಬರುತ್ತದೆಯೇ?

ಉತ್ತರ: ನಿಮ್ಮ ಸ್ಥಿತಿಗೆ ಸರಿಹೊಂದುವುದು ಪಿಂಚಣಿ ಬರುವ ಬ್ಯಾಂಕಿನಲ್ಲೇ ಸಣ್ಣದೊಂದು ಎಫ್‌ಡಿ ಇಟ್ಟು ಅದರ ಆಧಾರದ ಮೇಲೆ ಪಡೆಯುವ, ವಾರ್ಷಿಕ ಶುಲ್ಕ ಇಲ್ಲದ ಕಾರ್ಡ್. ಲಿಮಿಟ್ 50,000 ರೂಪಾಯಿಯ ಒಳಗಿರಲಿ. ಕಡೇ ದಿನಾಂಕ ಪಿಂಚಣಿ ಬಿದ್ದ ಮೇಲೆ ಬರುವಂತಿರಲಿ. ಪೂರ್ತಿ ಬಿಲ್ ತಾನಾಗಿ ಖಾತೆಯಿಂದ ಕಡಿತವಾಗುವಂತೆ ಮಾಡಿ. ಪಾಯಿಂಟ್, ಲೌಂಜ್, ವೋಚರ್ ಇವೆಲ್ಲ ಆಮೇಲಿನ ಮಾತು.

ಮೊದಲು ಆಸ್ಪತ್ರೆಯ ವಿಷಯ, ಏಕೆಂದರೆ ಹಿರಿಯರು ಕಾರ್ಡ್ ಬಯಸಲು ಹೇಳುವ ಮೊದಲ ಕಾರಣ ಅದೇ. ಅದೇ ಕಾರಣಕ್ಕೆ ಕಾರ್ಡ್ ಅಷ್ಟು ಉಪಯೋಗಕ್ಕೆ ಬರುವುದೂ ಇಲ್ಲ. ಅಡ್ಮಿಷನ್ ವೇಳೆ ಅಡ್ವಾನ್ಸ್ ಕಟ್ಟಲು ಕ್ರೆಡಿಟ್ ಕಾರ್ಡೇ ಬೇಕೆಂದಿಲ್ಲ. ಡೆಬಿಟ್ ಕಾರ್ಡ್ ಸ್ವೈಪ್ ಆಗುತ್ತದೆ. ಆಸ್ಪತ್ರೆಗೆ ಯುಪಿಐ ಮೂಲಕ 5 ಲಕ್ಷ ರೂಪಾಯಿವರೆಗೆ ಕಟ್ಟಲು ಆರ್‌ಬಿಐ 2023ರ ಡಿಸೆಂಬರ್‌ನಲ್ಲೇ ಅವಕಾಶ ಕೊಟ್ಟಿದೆ. ನಿಮ್ಮ ಬ್ಯಾಂಕ್ ಎಷ್ಟರವರೆಗೆ ಬಿಡುತ್ತದೆಂದು ಒಮ್ಮೆ ಶಾಖೆಯಲ್ಲಿ ಕೇಳಿಟ್ಟುಕೊಳ್ಳಿ. ಡೆಬಿಟ್ ಕಾರ್ಡಿನ ದಿನದ ಸ್ವೈಪ್ ಮಿತಿಯನ್ನೂ ಕೇಳಿ. ಖಾತೆಯಲ್ಲಿ ದುಡ್ಡಿದ್ದರೂ ಈ ಮಿತಿಯಿಂದಾಗಿ ಪಾವತಿ ನಿಂತುಹೋಗುವುದುಂಟು. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಸಿಗುವುದು ಹೆಚ್ಚೆಂದರೆ ಐವತ್ತು ದಿನದ ಪುರುಸೊತ್ತು, ಅಷ್ಟೇ. ಐವತ್ತನೇ ದಿನ ಆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಕಾರ್ಡ್ ಉಜ್ಜಬೇಡಿ. ಆ ಹೊತ್ತಿಗೆ ಎಫ್‌ಡಿ ಮೇಲಿನ ಸಾಲ ಅಥವಾ ಓವರ್‌ಡ್ರಾಫ್ಟ್ ಇದೆ. ಅದರ ಬಡ್ಡಿ ಸಾಮಾನ್ಯವಾಗಿ ನಿಮ್ಮ ಎಫ್‌ಡಿ ದರಕ್ಕಿಂತ ವರ್ಷಕ್ಕೆ ಶೇ. 1ರಿಂದ 2ರಷ್ಟು ಹೆಚ್ಚು. ಕ್ರೆಡಿಟ್ ಕಾರ್ಡ್ ಬಾಕಿಗೆ ತಿಂಗಳಿಗೇ ಶೇ. 3ರಿಂದ 3.75. ಸರ್ಕಾರಿ ಬ್ಯಾಂಕುಗಳು ಪಿಂಚಣಿದಾರರಿಗೆಂದೇ ಕೊಡುವ ಪಿಂಚಣಿ ಸಾಲವೂ ಇದೆ. ಅದರ ಬಡ್ಡಿ ಕಾರ್ಡ್ ಬಡ್ಡಿಯ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ.

ಹಾಗಾದರೆ ಕಾರ್ಡ್ ಯಾಕೆ ಬೇಕು? ಆನ್‌ಲೈನ್ ಖರೀದಿಗೆ. ಅಲ್ಲಿ ಮೋಸವಾದರೆ ಮೊದಲು ಹೋಗುವುದು ಬ್ಯಾಂಕಿನ ದುಡ್ಡು, ಪಿಂಚಣಿ ಖಾತೆಯದಲ್ಲ. ತಕರಾರು ಮುಗಿಯುವವರೆಗೆ ನಿಮ್ಮ ಮನೆ ಖರ್ಚು ನಿಲ್ಲುವುದಿಲ್ಲ. ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಪೂರ್ತಿ ಬಂದ್ ಮಾಡಿ, ಸಣ್ಣ ಲಿಮಿಟ್‌ನ ಕ್ರೆಡಿಟ್ ಕಾರ್ಡನ್ನು ಮಾತ್ರ ಹೊರಗೆ ಬಿಡುವುದು ಹಿರಿಯರಿಗೆ ಒಳ್ಳೆಯ ಏರ್ಪಾಡು. ಕಾರ್ಡ್ ಬೇಕೆನ್ನಲು ಇದೊಂದೇ ಕಾರಣ ಸಾಕು.

ನಿಮ್ಮ ಅರ್ಜಿ ಏಕೆ ಬಿತ್ತು?

ಎರಡರಲ್ಲಿ ಒಂದು ಕಾರಣ ಇರಬೇಕು. ಒಂದು ವಯಸ್ಸು. ಹಲವು ಬ್ಯಾಂಕುಗಳು ಸಂಬಳದಾರರಿಗೆ 60, ಸ್ವಂತ ಉದ್ಯೋಗದವರಿಗೆ 65 ಎಂದು ಗೆರೆ ಹಾಕಿಕೊಂಡಿವೆ. ಪಿಂಚಣಿದಾರರಿಗೆ 70ರವರೆಗೆ ಬಿಡುವ ಬ್ಯಾಂಕುಗಳೂ ಇವೆ. ಇದು ಆಯಾ ಬ್ಯಾಂಕಿನ ಸ್ವಂತ ನಿಯಮ, ಕಾನೂನಲ್ಲ. ಅರ್ಜಿಯಲ್ಲಿ ಉದ್ಯೋಗದ ಕಡೆ ‘ನಿವೃತ್ತ’ ಅಥವಾ ‘ಪಿಂಚಣಿದಾರ’ ಎಂದು ಗುರುತು ಮಾಡದೆ ‘ಇತರೆ’ ಎಂದು ಬಿಟ್ಟರೆ ಕಂಪ್ಯೂಟರ್ ಆದಾಯವನ್ನೇ ಸೊನ್ನೆ ಎಂದುಕೊಂಡು ತಳ್ಳಿಹಾಕುವ ಸಂಭವವಿದೆ.

ಇನ್ನೊಂದು, ನೀವು ಹೆಮ್ಮೆಯಿಂದ ಬರೆದಿರುವ ಅದೇ ವಿಷಯ: ಎಂದೂ ಸಾಲ ಮಾಡದಿರುವುದು. ಜನರ ಸಾಲದ ಲೆಕ್ಕ ಇಡುವ ಸಿಬಿಲ್‌ನಂಥ ಸಂಸ್ಥೆಗಳು ಕೊಡುವ ಅಂಕ 300ರಿಂದ 900ರವರೆಗೆ ಇರುತ್ತದೆ. ಸಾಲದ ಇತಿಹಾಸವೇ ಇಲ್ಲದವರಿಗೆ ಅಂಕವೇ ಇರುವುದಿಲ್ಲ. ಕೆಟ್ಟ ಅಂಕ ಬೇರೆ, ಅಂಕ ಇಲ್ಲದಿರುವುದು ಬೇರೆ. ಆದರೆ ಬ್ಯಾಂಕಿನ ಕಂಪ್ಯೂಟರಿಗೆ ಎರಡೂ ಅನುಮಾನದವೇ. ನಲವತ್ತು ವರ್ಷ ಶಿಸ್ತಾಗಿ ಬದುಕಿದವರಿಗೆ ಇದು ಅನ್ಯಾಯ ಅನ್ನಿಸುವುದು ಸಹಜ. ಆದರೂ ಶಾಖೆಯಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಅಲ್ಲಿನವರ ಕೈಯಲ್ಲಿ ಅದು ಇರುವುದಿಲ್ಲ.

ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಆರ್‌ಬಿಐನ ಕಾರ್ಡ್ ನಿಯಮ ಹೇಳುತ್ತದೆ. ಇಮೇಲ್‌ನಲ್ಲಾದರೂ ಕೇಳಿ ತರಿಸಿಕೊಳ್ಳಿ. ಅದು ಬರುವವರೆಗೆ ಇನ್ನೊಂದು ಬ್ಯಾಂಕಿಗೆ, ಮತ್ತೊಂದಕ್ಕೆ ಎಂದು ಅರ್ಜಿ ಹಾಕುತ್ತಾ ಹೋಗಬೇಡಿ. ಪ್ರತಿ ಅರ್ಜಿಗೂ ಬ್ಯಾಂಕ್ ಈ ಸಂಸ್ಥೆಗಳಿಂದ ನಿಮ್ಮ ಸಾಲದ ವರದಿ ತರಿಸಿ ನೋಡುತ್ತದೆ, ಅದು ದಾಖಲಾಗುತ್ತದೆ. ತಿಂಗಳೊಂದರಲ್ಲಿ ನಾಲ್ಕು ಕಡೆ ಕೇಳಿದ್ದು ಕಂಡರೆ ಐದನೆಯವರು ಹಿಂಜರಿಯುತ್ತಾರೆ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಒಂದನ್ನಾದರೂ ತೆಗೆದು ನೋಡಿ. ನೀವು ಸಾಲವೇ ಮಾಡಿಲ್ಲದಿದ್ದರೂ ನಿಮ್ಮ ಪ್ಯಾನ್ ಮೇಲೆ ಬೇರೆ ಯಾರದೋ ಸಾಲ, ಅಥವಾ ಹಿಂದೆಂದೋ ಸಹೋದ್ಯೋಗಿಗೆ ಹಾಕಿದ ಜಾಮೀನು ಅಲ್ಲಿ ಕುಳಿತಿರಬಹುದು.

ಎಫ್‌ಡಿ ಕಾರ್ಡ್: ಹೇಗೆ, ಎಷ್ಟಕ್ಕೆ

ಇದರಲ್ಲಿ ಬ್ಯಾಂಕಿಗೆ ನಿಮ್ಮ ಅಂಕ, ಆದಾಯ, ವಯಸ್ಸಿನ ಚಿಂತೆ ಕಡಿಮೆ. ನೀವು ಎಫ್‌ಡಿ ಇಡುತ್ತೀರಿ, ಬ್ಯಾಂಕ್ ಅದರ ಮೇಲೆ ಲಿಯನ್ (ನೀವು ತೆಗೆಯದಂತೆ ತಡೆ) ಹಾಕುತ್ತದೆ, ಠೇವಣಿಯ ಒಂದು ಪಾಲಿನಷ್ಟು ಲಿಮಿಟ್ ಕೊಡುತ್ತದೆ. ಆ ಪಾಲು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಶೇ. 75ರಿಂದ 90 ಸಾಮಾನ್ಯ. ಠೇವಣಿಗೆ ಹಿರಿಯ ನಾಗರಿಕರ ಬಡ್ಡಿ ಎಂದಿನಂತೆ ಬರುತ್ತಿರುತ್ತದೆ. ಕಾರ್ಡ್ ನೋಡಲು, ಉಜ್ಜಲು ಬೇರೆ ಕಾರ್ಡುಗಳ ಹಾಗೆಯೇ ಇರುತ್ತದೆ. ಅಂಗಡಿಯವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಠೇವಣಿ ಎಷ್ಟಿಡಬೇಕು? ಲೆಕ್ಕ ಹಿಂದಿನಿಂದ ಹಾಕಿ. 38,000 ಪಿಂಚಣಿಯಲ್ಲಿ ಕಾರ್ಡ್ ಮೂಲಕ ತಿಂಗಳಿಗೆ 12,000ಕ್ಕಿಂತ ಹೆಚ್ಚು ಖರ್ಚಾಗದಿರುವುದು ಒಳ್ಳೆಯದು. ಬಳಕೆ ಲಿಮಿಟ್‌ನ ಶೇ. 30ರ ಒಳಗಿದ್ದರೆ ಅಂಕಕ್ಕೂ ಒಳಿತು. ಎಂದರೆ ಲಿಮಿಟ್ 40,000ದಿಂದ 50,000. ಶೇ. 80 ಕೊಡುವ ಬ್ಯಾಂಕಿನಲ್ಲಿ 60,000 ರೂಪಾಯಿ ಎಫ್‌ಡಿ ಇಟ್ಟರೆ 48,000 ಲಿಮಿಟ್ ಸಿಗುತ್ತದೆ. ಅಷ್ಟು ಸಾಕು.

ಇಲ್ಲಿ ಜನ ಮಾಡಿಕೊಳ್ಳುವ ಎಡವಟ್ಟು ಒಂದಿದೆ. ಆಪತ್ತಿಗೆಂದು ಇಟ್ಟ ಐದು ಲಕ್ಷದ ಎಫ್‌ಡಿಯನ್ನೇ ಕೊಟ್ಟು ದೊಡ್ಡ ಲಿಮಿಟ್ ತೆಗೆದುಕೊಳ್ಳುತ್ತಾರೆ. ಲಿಯನ್ ಇರುವವರೆಗೆ ಆ ಎಫ್‌ಡಿಯನ್ನು ಮುರಿಸಲಾಗುವುದಿಲ್ಲ. ಮೊದಲು ಕಾರ್ಡ್ ಬಾಕಿ ತೀರಿ, ಕಾರ್ಡ್ ಮುಚ್ಚಿ, ಲಿಯನ್ ತೆಗೆದ ಮೇಲಷ್ಟೇ ದುಡ್ಡು ಕೈಗೆ. ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ನಿಮ್ಮದೇ ದುಡ್ಡು ಬೀಗದೊಳಗೆ. ಆದ್ದರಿಂದ ಕಾರ್ಡಿಗೆ ಬೇರೆ, ಸಣ್ಣ ಎಫ್‌ಡಿ. ಉಳಿದದ್ದು ಮುಟ್ಟಬೇಡಿ.

ಶಾಖೆಗೆ ಹೋಗುವಾಗ ಪ್ಯಾನ್, ಆಧಾರ್, ಪಿಂಚಣಿ ಪಾವತಿ ಆದೇಶದ (ಪಿಪಿಒ) ಪ್ರತಿ, ಪಾಸ್‌ಬುಕ್‌ನ ಕೊನೆಯ ಆರು ತಿಂಗಳ ನಮೂದು, ಒಂದು ಫೋಟೊ ಒಯ್ಯಿರಿ. ಹೆಸರು ಎಲ್ಲ ಕಡೆ ಒಂದೇ ಥರ ಇದೆಯೇ ನೋಡಿಕೊಳ್ಳಿ. ಪಿಪಿಒದಲ್ಲಿ ‘ಕೆ. ರಾಮಪ್ಪ’, ಆಧಾರ್‌ನಲ್ಲಿ ‘ರಾಮಪ್ಪ ಕೆಂಚಪ್ಪ’ ಎಂಬಂಥ ವ್ಯತ್ಯಾಸಕ್ಕೇ ನಮ್ಮ ಕಡೆ ಎಷ್ಟೋ ಅರ್ಜಿ ವಾಪಸ್ ಬರುತ್ತವೆ. ಎಫ್‌ಡಿ ನಿಮ್ಮೊಬ್ಬರ ಹೆಸರಿನಲ್ಲಿದ್ದು, ನಾಮಿನಿಯಾಗಿ ಪತ್ನಿಯ ಹೆಸರಿರಲಿ. ಜಂಟಿ ಠೇವಣಿಯ ಮೇಲೆ ಕಾರ್ಡ್ ಕೊಡುತ್ತಾರೆಯೇ ಎಂಬುದನ್ನು ಎಫ್‌ಡಿ ಮಾಡಿಸುವ ಮೊದಲೇ ಕೇಳಬೇಕು. ಅವಧಿ ಮುಗಿದಾಗ ತಾನಾಗಿ ನವೀಕರಣವಾಗುವಂತೆ ಬರೆಸಿ, ಇಲ್ಲದಿದ್ದರೆ ಎಫ್‌ಡಿ ಮುಗಿದ ದಿನ ಕಾರ್ಡೂ ನಿಲ್ಲಬಹುದು. ಮೊಬೈಲ್ ನಂಬರ್ ನಿಮ್ಮದೇ ಕೊಡಿ, ಮಗನದ್ದಲ್ಲ.

ಇನ್ನೊಂದು ವಿಷಯ ಮೊದಲೇ ತಿಳಿದಿದ್ದರೆ ಓಡಾಟ ಉಳಿಯುತ್ತದೆ. ಕೆನರಾ ಬ್ಯಾಂಕಿನ ಕಾರ್ಡನ್ನು ಬ್ಯಾಂಕೇ ಕೊಡುತ್ತದೆ. ಸ್ಟೇಟ್ ಬ್ಯಾಂಕ್ ಹೆಸರಿನ ಕ್ರೆಡಿಟ್ ಕಾರ್ಡ್ ಕೊಡುವುದು ಎಸ್‌ಬಿಐ ಕಾರ್ಡ್ ಎಂಬ ಬೇರೆ ಕಂಪನಿ. ಬ್ಯಾಂಕ್ ಆಫ್ ಬರೋಡಾದ್ದು ಬಾಬ್‌ಕಾರ್ಡ್ ಎಂಬ ಅಂಗಸಂಸ್ಥೆ. ಕೊನೆಯ ಈ ಎರಡರಲ್ಲಿ ಬಿಲ್ ತಕರಾರಿಗೆ ನೀವು ಶಾಖೆಗೆ ಹೋದರೆ ‘ಅದು ನಮ್ಮದಲ್ಲ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ’ ಎಂಬ ಉತ್ತರ ಬರುವುದು ಈ ಕಾರಣಕ್ಕೆ. ಫೋನಿನಲ್ಲಿ ಗುಂಡಿ ಒತ್ತುತ್ತಾ ಕೂರುವುದು ನಿಮಗೆ ಆಗದ ಕೆಲಸವೆಂದಾದರೆ ಬ್ಯಾಂಕೇ ನೇರವಾಗಿ ಕೊಡುವ ಕಾರ್ಡಿಗೆ ಮೊದಲ ಆದ್ಯತೆ ಕೊಡಿ.

ಕಡೇ ದಿನ ಮತ್ತು ಪೂರ್ತಿ ಬಿಲ್

ಕಾರ್ಡಿಗೆ ಎರಡು ತಾರೀಖು. ಬಿಲ್ ತಯಾರಾಗುವ ದಿನ ಒಂದು, ಕಟ್ಟಲು ಕಡೇ ದಿನ ಇನ್ನೊಂದು. ನಡುವೆ ಸುಮಾರು ಇಪ್ಪತ್ತು ದಿನ. ನಿಮಗೆ ಪಿಂಚಣಿ ಮೊದಲ ವಾರದಲ್ಲಿ ಬರುವುದರಿಂದ ಬಿಲ್ 20ಕ್ಕೆ, ಕಡೇ ದಿನ ಮುಂದಿನ ತಿಂಗಳ 9ಕ್ಕೆ ಬೀಳುವ ಬಿಲ್ಲಿಂಗ್ ಸೈಕಲ್ (ಬಿಲ್ಲಿನ ತಿಂಗಳ ಸುತ್ತು) ಕೇಳಿ. ಕಾರ್ಡ್ ಬಂದಾಗ ಬೇರೆ ತಾರೀಖು ಇದ್ದರೆ ಬದಲಿಸಿಕೊಳ್ಳುವ ಹಕ್ಕು ನಿಮಗಿದೆ. ಬಿಲ್ಲಿಂಗ್ ಸೈಕಲ್ ಬದಲಿಸುವ ಅವಕಾಶ ಕೊಡಲೇಬೇಕೆಂಬುದು ಆರ್‌ಬಿಐ ನಿಯಮ. 25ಕ್ಕೆ ಕಡೇ ದಿನ ಬರುವ ಕಾರ್ಡ್ ಇಟ್ಟುಕೊಂಡ ಪಿಂಚಣಿದಾರರು ತಿಂಗಳ ಕೊನೆಯ ಬರಿದಾದ ಖಾತೆಯಿಂದ ಕಟ್ಟಬೇಕಾಗಿ ಸಿಕ್ಕಿಬೀಳುತ್ತಾರೆ.

ಈ ಸೈಕಲ್‌ನಲ್ಲಿ ಜೂನ್ 21ಕ್ಕೆ ಕೊಂಡದ್ದು ಜುಲೈ 20ರ ಬಿಲ್ಲಿಗೆ ಬಂದು ಆಗಸ್ಟ್ 9ಕ್ಕೆ ಕಟ್ಟುವಂತಾಗುತ್ತದೆ: 49 ದಿನ ಬಡ್ಡಿಯಿಲ್ಲ. ಜುಲೈ 19ಕ್ಕೆ ಕೊಂಡದ್ದಕ್ಕೂ ಅದೇ ಆಗಸ್ಟ್ 9, ಅಂದರೆ 21 ದಿನ ಮಾತ್ರ. ಜಾಹೀರಾತಿನ ‘50 ದಿನ ಬಡ್ಡಿರಹಿತ’ ಎಂಬುದರ ನಿಜ ಇಷ್ಟು. ಮಿಕ್ಸಿ, ಫ್ಯಾನ್‌ನಂಥ ದೊಡ್ಡ ಖರೀದಿಯನ್ನು 21ನೇ ತಾರೀಖಿಗೆ ತಳ್ಳಿದರೆ ಒಂದು ತಿಂಗಳು ಹೆಚ್ಚು ಸಿಗುತ್ತದೆ.

ಈಗ ಮುಖ್ಯವಾದದ್ದು. ಆಟೋ ಡೆಬಿಟ್ ಅರ್ಜಿಯಲ್ಲಿ ಎರಡು ಚೌಕ ಇರುತ್ತವೆ: ‘ಒಟ್ಟು ಬಾಕಿ’ ಮತ್ತು ‘ಕನಿಷ್ಠ ಬಾಕಿ’. ಒಟ್ಟು ಬಾಕಿಗೇ ಗುರುತು ಹಾಕಿ. ಅರ್ಜಿ ತುಂಬುವವರು ಕನಿಷ್ಠಕ್ಕೆ ಟಿಕ್ ಹಾಕಿಬಿಟ್ಟು, ಗ್ರಾಹಕರು ‘ತಿಂಗಳು ತಿಂಗಳು ಕಟ್ ಆಗುತ್ತಿದೆಯಲ್ಲ’ ಎಂದು ನೆಮ್ಮದಿಯಾಗಿದ್ದು, ವರ್ಷದ ಕೊನೆಗೆ ಬಾಕಿ ನೋಡಿ ಗಾಬರಿಯಾಗುವ ಪ್ರಕರಣಗಳು ಬೇಕಾದಷ್ಟಿವೆ.

ಕನಿಷ್ಠ ಕಟ್ಟಿದರೆ ಏನಾಗುತ್ತದೆಂದು ಲೆಕ್ಕದಲ್ಲೇ ನೋಡಿ. ಜೂನ್ 30ಕ್ಕೆ 40,000 ರೂಪಾಯಿಯ ಖರೀದಿ. ಜುಲೈ 20ರ ಬಿಲ್ಲಿನಲ್ಲಿ ಕನಿಷ್ಠ ಶೇ. 5, ಅಂದರೆ 2,000. ಆಗಸ್ಟ್ 9ಕ್ಕೆ ಅದನ್ನಷ್ಟೇ ಕಟ್ಟಿದಿರಿ. ಬಡ್ಡಿ ತಿಂಗಳಿಗೆ ಶೇ. 3.5, ವರ್ಷಕ್ಕೆ 42 ಎಂದಿಟ್ಟುಕೊಳ್ಳಿ. ಪೂರ್ತಿ ಕಟ್ಟದಿದ್ದರೆ ಬಡ್ಡಿ ಓಡುವುದು ಕಡೇ ದಿನದಿಂದಲ್ಲ, ಖರೀದಿಯ ದಿನದಿಂದ. 40,000ಕ್ಕೆ 40 ದಿನದ ಬಡ್ಡಿ ಸುಮಾರು 1,841. ಉಳಿದ 38,000ಕ್ಕೆ ಆಗಸ್ಟ್ 20ರವರೆಗೆ 11 ದಿನದ್ದು 481. ಒಟ್ಟು 2,322. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 418. ಆಗಸ್ಟ್ 20ರ ಬಿಲ್: ಸುಮಾರು 40,740. ಎರಡು ಸಾವಿರ ಕಟ್ಟಿದ ಮೇಲೂ ಸಾಲ ಮೊದಲಿಗಿಂತ ಹೆಚ್ಚು! ಜೊತೆಗೆ ಆ ಬಾಕಿ ತೀರುವವರೆಗೆ ನೀವು ಕೊಳ್ಳುವ ಔಷಧಿ, ದಿನಸಿಗೂ ಬಡ್ಡಿರಹಿತ ದಿನಗಳು ಇರುವುದಿಲ್ಲ. ಉಜ್ಜಿದ ದಿನದಿಂದಲೇ ಬಡ್ಡಿ. ಇದಕ್ಕೆ ಮೇಲ್ಮಿತಿ ಹಾಕುವವರೂ ಇಲ್ಲ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಕೂಡದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ.

ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ಮೊತ್ತದ ಶೇ. 2.5ರಿಂದ 3 ಶುಲ್ಕ, ಅದಕ್ಕೊಂದು ಕನಿಷ್ಠ (ಸಾಮಾನ್ಯವಾಗಿ 500 ರೂಪಾಯಿ), ಮೇಲೆ ಅದೇ ದಿನದಿಂದ ಬಡ್ಡಿ.

ಆಟೋ ಡೆಬಿಟ್ ನೋಂದಣಿಗೆ ಕೆಲವೊಮ್ಮೆ ಒಂದು ತಿಂಗಳೇ ಹಿಡಿಯುತ್ತದೆ, ಆದ್ದರಿಂದ ಮೊದಲ ಬಿಲ್ ಕೈಯಾರೆ ಕಟ್ಟಿ, ಅದೂ ಕಡೇ ದಿನಕ್ಕೆ ಮೂರು ದಿನ ಮುಂಚೆ. ಖಾತೆ ಮತ್ತು ಕಾರ್ಡ್ ಒಂದೇ ಬ್ಯಾಂಕಿನವಾದರೆ ಈ ಕೆಲಸ ಬೇಗ ಮುಗಿಯುತ್ತದೆ. ಕಡೇ ದಿನ ದಾಟಿ ಮೂರು ದಿನದವರೆಗೆ ತಡಪಾವತಿ ಶುಲ್ಕ ಹಾಕುವಂತಿಲ್ಲ, ಸಿಬಿಲ್‌ಗೂ ವರದಿ ಮಾಡುವಂತಿಲ್ಲ ಎಂಬ ನಿಯಮವಿದೆ. ಆದರೆ ಬಡ್ಡಿಗೂ ಅದು ರಕ್ಷಣೆ ಎಂದು ತಿಳಿಯಬೇಡಿ.

ಪಿಂಚಣಿದಾರರಿಗೇ ವಿಶೇಷವಾದ ಅಪಾಯ ಇನ್ನೊಂದು. ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ತಪ್ಪಿದರೆ ಪಿಂಚಣಿ ನಿಲ್ಲುತ್ತದೆ, ಖಾತೆ ಖಾಲಿ, ಆಟೋ ಡೆಬಿಟ್ ಬೌನ್ಸ್. ಆಗ ಖಾತೆಯಿರುವ ಬ್ಯಾಂಕಿನದೊಂದು ದಂಡ, ಕಾರ್ಡಿನದೊಂದು ದಂಡ, ಮೇಲೆ ಬಡ್ಡಿ. ಉಳಿತಾಯ ಖಾತೆಯಲ್ಲಿ ಒಂದು ತಿಂಗಳ ಕಾರ್ಡ್ ಬಿಲ್ಲಿನಷ್ಟು, ನಿಮ್ಮ ಲೆಕ್ಕದಲ್ಲಿ 12,000 ರೂಪಾಯಿ, ಯಾವಾಗಲೂ ಮುಟ್ಟದೆ ಬಿಟ್ಟಿರಿ.

‘ಲೈಫ್‌ಟೈಮ್ ಫ್ರೀ’ ಏಜೆಂಟ್ ಮತ್ತು ಪಾಯಿಂಟಿನ ಆಸೆ

ಏಜೆಂಟ್ ಹೇಳುವುದೆಲ್ಲ ಸುಳ್ಳೆಂದಲ್ಲ. ಆಜೀವ ಶುಲ್ಕರಹಿತ ಕಾರ್ಡುಗಳು ನಿಜಕ್ಕೂ ಇವೆ. ಆದರೆ ಬಾಯಿಮಾತು ಸಾಲದು. ಅರ್ಜಿಯ ಜೊತೆ ಒಂದು ಪುಟದ ಮುಖ್ಯಾಂಶ ಪತ್ರ ಕೊಡಬೇಕೆಂದು ನಿಯಮವಿದೆ. ಬಡ್ಡಿದರ, ಶುಲ್ಕಗಳು ಅದರಲ್ಲಿರುತ್ತವೆ. ಅದರಲ್ಲಿ ಸೇರುವ ಶುಲ್ಕ, ವಾರ್ಷಿಕ ಶುಲ್ಕ ಎರಡರ ಎದುರೂ ಸೊನ್ನೆ ಇದೆಯೇ ನೋಡಿ. ‘ಮೊದಲ ವರ್ಷ ಉಚಿತ’, ‘ವರ್ಷಕ್ಕೆ ಇಂತಿಷ್ಟು ಲಕ್ಷ ಖರ್ಚು ಮಾಡಿದರೆ ಉಚಿತ’ ಎಂಬುದನ್ನೂ ಲೈಫ್‌ಟೈಮ್ ಎಂದೇ ಮಾರುತ್ತಾರೆ. ಕಾರ್ಡ್ ಜೊತೆಗೆ ‘ಕಾರ್ಡ್ ಪ್ರೊಟೆಕ್ಷನ್’, ಅಪಘಾತ ವಿಮೆ ಎಂದು ಸದ್ದಿಲ್ಲದೆ ಸೇರಿಸಿ ಬಿಲ್ಲಿನಲ್ಲಿ ಹಾಕುವುದೂ ಇದೆ. ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ. ಮೊದಲ ಬಿಲ್ಲನ್ನು ಸಾಲುಸಾಲಾಗಿ ಓದಿ. ಬೆಳಗ್ಗೆ 10ಕ್ಕೆ ಮುಂಚೆ, ಸಂಜೆ 7ರ ಮೇಲೆ ಕಾರ್ಡ್ ಮಾರಲು ಫೋನ್ ಮಾಡುವುದೂ ನಿಯಮಬಾಹಿರ. ಆಧಾರ್, ಪ್ಯಾನ್ ಪ್ರತಿ ಕೊಡಲೇಬೇಕಾದರೆ ಅಕ್ಷರಗಳ ಮೇಲೆ ಅಡ್ಡಲಾಗಿ ‘ಇಂಥ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಅರ್ಜಿಗೆ ಮಾತ್ರ’ ಎಂದು ತಾರೀಖಿನೊಂದಿಗೆ ಬರೆದು ಸಹಿ ಹಾಕಿ.

ಎರಡು ಲಕ್ಷದ ಲಿಮಿಟ್ ನಿಮಗೆ ಬೇಡ. ಕಳ್ಳನ ಕೈಗೆ ಸಿಕ್ಕರೆ ಹೋಗುವುದೂ ಎರಡು ಲಕ್ಷ ತಾನೆ? ಬ್ಯಾಂಕ್ ಕೊಟ್ಟರೂ ಇಳಿಸಿ ಎಂದು ಬರೆದುಕೊಡಬಹುದು. ನಿಮ್ಮ ಒಪ್ಪಿಗೆ ಇಲ್ಲದೆ ಏರಿಸುವಂತಿಲ್ಲ.

ಇನ್ನು ಪಾಯಿಂಟ್. ತಿಂಗಳಿಗೆ 12,000ದಂತೆ ವರ್ಷಕ್ಕೆ 1,44,000 ಖರ್ಚು. ಶೇ. 1 ವಾಪಸ್ ಬಂದರೆ 1,440 ರೂಪಾಯಿ. ಪೆಟ್ರೋಲ್, ವಿಮೆ, ವಿದ್ಯುತ್ ಬಿಲ್ಲಿಗೆ ಎಷ್ಟೋ ಕಾರ್ಡುಗಳು ಪಾಯಿಂಟೇ ಕೊಡುವುದಿಲ್ಲ ಅಥವಾ ಕಡಿಮೆ ಕೊಡುತ್ತವೆ. ಹಾಗಾಗಿ ಕೈಗೆ ಬರುವುದು ಇನ್ನೂ ಕಡಿಮೆ. 999 ರೂಪಾಯಿ ಶುಲ್ಕದ ಕಾರ್ಡಾದರೆ ಜಿಎಸ್‌ಟಿ ಸೇರಿ 1,179 ಅಲ್ಲೇ ಹೋಯಿತು. ಐಆರ್‌ಸಿಟಿಸಿ ಹೆಸರಿನ ಕೆಲವು ಕಾರ್ಡುಗಳಲ್ಲಿ ದೊಡ್ಡ ಪಾಯಿಂಟ್ ಸಿಗುವುದು ಎಸಿ ದರ್ಜೆಯ ಟಿಕೆಟಿಗೆ ಮಾತ್ರ. ನೀವು ಸ್ಲೀಪರ್‌ನಲ್ಲಿ ಹೋಗುವವರಾದರೆ ಉಪಯೋಗವಿಲ್ಲ. 2020ರ ಮಾರ್ಚ್‌ನಲ್ಲಿ ನಿಂತ ರೈಲ್ವೆಯ ಹಿರಿಯ ನಾಗರಿಕರ ರಿಯಾಯಿತಿಯನ್ನು ಯಾವ ಕಾರ್ಡೂ ತಂದುಕೊಡುವುದಿಲ್ಲ, ಏಜೆಂಟ್ ಏನೇ ಹೇಳಲಿ.

ರೂಪೇ ಕಾರ್ಡ್ ಕೇಳಿದರೆ ಒಂದು ಅನುಕೂಲ ಉಂಟು. 2022ರಿಂದ ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಆ್ಯಪ್‌ಗೆ ಜೋಡಿಸಿ ಔಷಧಿ ಅಂಗಡಿ, ದಿನಸಿ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಬಹುದು. ಅಂಗಡಿಗೆ ಮಾತ್ರ, ವ್ಯಕ್ತಿಗೆ ಕಳಿಸಲಾಗದು. ಆದರೆ ಹತ್ತು ಹತ್ತು ರೂಪಾಯಿಯ ಖರ್ಚೂ ಉದ್ರಿ ಪುಸ್ತಕಕ್ಕೆ ಬರೆಸಿದಂತೆ ಸೇರುತ್ತಾ ಹೋಗಿ ಬಿಲ್ ಬಂದಾಗಲೇ ಗೊತ್ತಾಗುವುದು. ಲೆಕ್ಕ ಬರೆಯುವ ಅಭ್ಯಾಸ ಇಲ್ಲದವರಿಗೆ ಇದನ್ನು ಹೇಳುವುದಿಲ್ಲ.

ಮಗನ ಆಡ್-ಆನ್ ಕಾರ್ಡ್

ಕೆಟ್ಟದ್ದಲ್ಲ. ನಿಮ್ಮ ವಯಸ್ಸು, ಅಂಕ ಯಾವುದೂ ಅಡ್ಡಬರುವುದಿಲ್ಲ, ನಿಮಗೆ ಉಪಮಿತಿ ಹಾಕಿಸಲೂಬಹುದು. ಬಿಲ್ಲಿನ ಹೊಣೆ ಪೂರ್ತಿ ಮಗನದ್ದು. ತೊಡಕು ಎರಡು. ಹಲವು ಬ್ಯಾಂಕುಗಳಲ್ಲಿ ಒಟಿಪಿ ಮೂಲ ಕಾರ್ಡುದಾರರ ಫೋನಿಗೇ ಹೋಗುತ್ತದೆ. ನೀವು ಇಲ್ಲಿ ಟಿಕೆಟ್ ತೆಗೆಯಲು ಕೂತಾಗ ಅವರು ಅಲ್ಲಿ ಮೀಟಿಂಗ್‌ನಲ್ಲಿರುತ್ತಾರೆ. ನಿಮ್ಮ ಪ್ರತಿ ಖರ್ಚಿನ ಸಂದೇಶವೂ ಅವರಿಗೆ ಹೋಗುತ್ತದೆ. ಎರಡನೆಯದು, ಅದರಿಂದ ನಿಮ್ಮ ಹೆಸರಿನಲ್ಲಿ ಸಾಲದ ಇತಿಹಾಸ ಬೆಳೆಯುವುದಿಲ್ಲ. ಎಫ್‌ಡಿ ಕಾರ್ಡ್ ಕೈಗೆ ಬರುವವರೆಗೆ ಇದು ಆಗಬಹುದು. ಮಗನಿಗೆ ಬೇರೆ ಗೃಹಸಾಲ, ಕಾರ್ಡ್ ಬಾಕಿ ಇದ್ದರೆ ಮಾತ್ರ ಬೇಡ. ಅವರು ಒಂದು ತಿಂಗಳು ತಪ್ಪಿದರೆ ನಿಮ್ಮ ಕಾರ್ಡೂ ಅಂಗಡಿಯಲ್ಲಿ ನಿಲ್ಲುತ್ತದೆ.

ಕಾರ್ಡ್ ಕೈಗೆ ಬಂದ ದಿನ

ಮೊದಲು ಪಿನ್ ಹಾಕಿ. ನಿಮ್ಮ ಹುಟ್ಟಿದ ವರ್ಷ ಬೇಡ. ಆಮೇಲೆ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ಅಂತರರಾಷ್ಟ್ರೀಯ ಬಳಕೆ ಬಂದ್, ನಗದು ಬಂದ್, ಆನ್‌ಲೈನ್‌ಗೆ ದಿನಕ್ಕೆ 5,000 ಮಿತಿ. ಟ್ಯಾಪ್ ಮಾಡಿದರೆ ಪಿನ್ ಇಲ್ಲದೆ 5,000 ರೂಪಾಯಿವರೆಗೆ ಹೋಗುತ್ತದೆ, ಆದ್ದರಿಂದ ಅದನ್ನೂ ಬಂದ್ ಮಾಡಿ ಅಥವಾ 500ಕ್ಕೆ ಇಳಿಸಿ. ಈ ಸ್ವಿಚ್‌ಗಳನ್ನು ಬೇಕಾದಾಗ ಹಾಕಿ ತೆಗೆಯುವ ಸೌಲಭ್ಯವನ್ನು ಎಲ್ಲ ಬ್ಯಾಂಕುಗಳೂ ಕೊಡಲೇಬೇಕು. ಕಾರ್ಡ್ ಬ್ಲಾಕ್ ಮಾಡುವ ನಂಬರ್ ಕಾರ್ಡಿನ ಹಿಂದೆ ಇರುತ್ತದೆ, ಆದರೆ ಕಾರ್ಡೇ ಕಳೆದರೆ? ಅದನ್ನು ಮನೆಯ ಡೈರಿಯಲ್ಲೂ ಬರೆದಿಡಿ.

‘ಪಾಯಿಂಟ್ ಮುಗಿಯುತ್ತಿದೆ’, ‘ಲಿಮಿಟ್ ಏರಿಸುತ್ತೇವೆ’, ‘ಜೀವಿತ ಪ್ರಮಾಣಪತ್ರ ಫೋನಿನಲ್ಲೇ ಮಾಡಿಕೊಡುತ್ತೇವೆ’ ಎಂದು ಬರುವ ಕರೆಗಳು, ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್‌ಗಳು (ಒತ್ತಿದರೆ ಫೋನಿನೊಳಗೆ ಆ್ಯಪ್ ಕೂರಿಸುವ ಫೈಲ್‌ಗಳು) ಎಲ್ಲವೂ ಒಟಿಪಿ ಕದಿಯಲು. ನಿಮಗೆ ಗೊತ್ತಿಲ್ಲದ ವಹಿವಾಟಿನ ಸಂದೇಶ ಬಂದ ತಕ್ಷಣ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆರ್‌ಬಿಐ 2017ರಲ್ಲಿ ತಂದ ನಿಯಮದ ಪ್ರಕಾರ ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನವಾದರೆ, 5 ಲಕ್ಷದವರೆಗಿನ ಲಿಮಿಟ್‌ನ ಕಾರ್ಡಿನಲ್ಲಿ ಹೆಚ್ಚೆಂದರೆ 10,000. ಒಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ದೂರಿಗೆ ಸಂಖ್ಯೆ ಕೇಳಿ ಬರೆದುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರಬಹುದು. ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448.

ಪತ್ನಿಯ ಮೇಲೆ ಬಾಕಿ ಬರುತ್ತದೆಯೇ?

ಅವರ ಸ್ವಂತ ದುಡ್ಡಿನಿಂದ ಕಟ್ಟಬೇಕಾಗಿಲ್ಲ. ಕಾರ್ಡ್ ನಿಮ್ಮೊಬ್ಬರದ್ದು. ನಿಮ್ಮ ನಂತರ ಬಾಕಿ ನೀವು ಬಿಟ್ಟುಹೋದ ಆಸ್ತಿಯಿಂದ ವಸೂಲಾಗಬೇಕು. ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯಷ್ಟಕ್ಕೆ ಸೀಮಿತ. ಎಫ್‌ಡಿ ಕಾರ್ಡಿನಲ್ಲಿ ಬ್ಯಾಂಕ್ ಆ ಠೇವಣಿಯಿಂದ ಬಾಕಿ ಹಿಡಿದು ಉಳಿದದ್ದನ್ನು ನಾಮಿನಿಗೆ ಕೊಡುತ್ತದೆ. ಮನೆಗೆ ವಸೂಲಿಯವರು ಬರುವ ಪ್ರಸಂಗವೇ ಹುಟ್ಟದಿರುವುದು ಈ ಬಗೆಯ ಕಾರ್ಡಿನ ದೊಡ್ಡ ಲಾಭ. ಆದರೆ ನಿಮ್ಮ ನಂತರ ಆ ಕಾರ್ಡನ್ನಾಗಲಿ ಅದರ ಆಡ್-ಆನ್ ಅನ್ನಾಗಲಿ ಯಾರೂ ಬಳಸಕೂಡದು. ಹಾಗೆ ಬಳಸಿದ ಮೊತ್ತಕ್ಕೆ ಬಳಸಿದವರೇ ಉತ್ತರ ಹೇಳಬೇಕಾಗುತ್ತದೆ. ಒಂದು ಹಾಳೆಯಲ್ಲಿ ಬ್ಯಾಂಕ್ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಎಫ್‌ಡಿ ಸಂಖ್ಯೆ, ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗಳು (ಫೋನ್ ರೀಚಾರ್ಜ್, ವಿಮೆ ಕಂತು), ಬ್ಲಾಕ್ ಮಾಡುವ ನಂಬರ್ ಬರೆದು ಪಿಪಿಒ ಇರುವ ಕಡತದಲ್ಲೇ ಇಡಿ. ಪಿನ್ ಅದರಲ್ಲಿ ಬರೆಯಬೇಡಿ. ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಬ್ಯಾಂಕಿಗೆ ತಿಳಿಸಬೇಕು ಎಂಬುದನ್ನು ಪತ್ನಿಗೆ ಈಗಲೇ ಹೇಳಿಡಿ.

ಕಾರ್ಡ್ ಬೇಡವೆನಿಸಿದರೆ ಕತ್ತರಿಸಿ ಎಸೆದರೆ ಮುಗಿಯುವುದಿಲ್ಲ. ತಾನಾಗಿ ಕಡಿತವಾಗುವ ಪಾವತಿಗಳನ್ನು ಮೊದಲು ತಪ್ಪಿಸಿ, ಉಳಿದ ಪಾಯಿಂಟ್ ಬಳಸಿ, ಬಾಕಿ ಸೊನ್ನೆ ಮಾಡಿ, ಮುಚ್ಚಲು ಬರೆದುಕೊಡಿ ಅಥವಾ ಆ್ಯಪ್‌ನಲ್ಲಿ ಕೋರಿ. ಬಾಕಿಯಿಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಮುಚ್ಚಿದ ದೃಢೀಕರಣವನ್ನು ಬರಹದಲ್ಲಿ ಪಡೆದು, ಅದನ್ನು ತೋರಿಸಿ ಎಫ್‌ಡಿಯ ಲಿಯನ್ ತೆಗೆಸಿ. ಈ ಎರಡನೇ ಕೆಲಸ ತಾನಾಗಿ ಆಗುತ್ತದೆಂದು ಬಿಟ್ಟವರ ಠೇವಣಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿರುವುದುಂಟು. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆದು, ಆ ಕಾರ್ಡಿನ ಎದುರು ‘ಮುಚ್ಚಲಾಗಿದೆ’ ಎಂದೂ ಬಾಕಿ ಸೊನ್ನೆ ಎಂದೂ ಇದೆಯೇ ನೋಡಿಕೊಳ್ಳಿ.